ಹಳೇ ಡಸ್ಟ್‌ಬಸ್ಟರ್ ಕೊಳ್ಳುವವರಿಗೆ: ಸೀಲ್ ಆಗಿರುವ ಡಬ್ಬಕ್ಕೆ ಮರುಳಾಗಬೇಡಿ

ನಾನಿರುವುದು ಅಮೆರಿಕದ ಮೇರಿಲ್ಯಾಂಡಿನಲ್ಲಿ, ಟೌಸನ್ ಹತ್ತಿರ. ಡ್ರಿಲ್‌ನಂಥ ಸಲಕರಣೆ ಮಾಡುವ ಬ್ಲ್ಯಾಕ್ ಅಂಡ್ ಡೆಕರ್ ಕಂಪನಿಯ ಮುಖ್ಯ ಕಚೇರಿ ಬಹಳ ಕಾಲ ಇದ್ದದ್ದು ಇದೇ ಟೌಸನ್ನಿನಲ್ಲಿ. ಇಲ್ಲಿ ಬೇಸಿಗೆಯ ಶನಿವಾರ ಯಾರ ಮನೆ ಮುಂದೆ ಹಳೇ ಸಾಮಾನು ಮಾರುವ ಯಾರ್ಡ್ ಸೇಲ್ ಹಾಕಿದ್ದರೂ ನನ್ನ ಕಣ್ಣು ಮೊದಲು ಹುಡುಕುವುದು ಒಂದೇ ವಸ್ತುವನ್ನು. ವೈರ್ ಇಲ್ಲದ, ಒಂದೇ ಕೈಯಲ್ಲಿ ಹಿಡಿದು ಕಸ ಹೀರಿಸುವ ಹಳೇ ವ್ಯಾಕ್ಯೂಮ್. ನನ್ನ ಸಂಗ್ರಹದಲ್ಲಿ ಇರುವುದೆಲ್ಲಾ ಬಹುಪಾಲು ಇದೇ ಬ್ಲ್ಯಾಕ್ ಅಂಡ್ ಡೆಕರ್‌ನ ಡಸ್ಟ್‌ಬಸ್ಟರ್‌ಗಳೇ.

ಏಕೆ ಅದೇ ಅಂತೀರಾ? 1974ರಲ್ಲಿ ಈ ಕಂಪನಿ 'ಮಾಡ್ 4' ಅಂತ ಒಂದು ಸೆಟ್ ತಂದಿತ್ತು. ಚಾರ್ಜ್ ಆಗುವ ಒಂದು ಹಿಡಿ, ಅದಕ್ಕೆ ಬೇರೆ ಬೇರೆ ಸಲಕರಣೆ ಸಿಕ್ಕಿಸಿಕೊಳ್ಳುವುದು. ಅದರಲ್ಲಿ 'ಸ್ಪಾಟ್ ವ್ಯಾಕ್' ಅನ್ನುವ ಪುಟ್ಟ ವ್ಯಾಕ್ಯೂಮ್ ಕೂಡ ಇತ್ತು. ಆ ಯೋಚನೆಯೇ ಬೆಳೆದು 1979ರಲ್ಲಿ ಡಸ್ಟ್‌ಬಸ್ಟರ್ ಆಯಿತು. ಅದಕ್ಕೆ ರೂಪ ಕೊಟ್ಟವರು ಕ್ಯಾರೊಲ್ ಗ್ಯಾಂಟ್ಜ್. ಮೊದಲು ಹೂವರ್ ಕಂಪನಿಯಲ್ಲಿ ವ್ಯಾಕ್ಯೂಮ್‌ಗಳ ವಿನ್ಯಾಸ ಮಾಡಿದ್ದವರು. ಮೂತಿ ಓರೆ, ಬೆನ್ನು ನೇರ, ಹಿಡಿ ಬೇರೆಯಾಗಿ ಅಂಟಿಸಿದಂತಿಲ್ಲ. ಅಡುಗೆಮನೆ ಗೋಡೆಯಲ್ಲಿ ನೇತು ಹಾಕಿದರೂ ಚೆಂದ ಕಾಣಬೇಕು ಅಂತ ಯೋಚಿಸಿ ಮಾಡಿದ ವಸ್ತು ಅದು. ನೋಡಿದರೇ ಗೊತ್ತಾಗುತ್ತದೆ, ಅಲ್ವಾ?

ಡಸ್ಟ್‌ಬಸ್ಟರ್ ಹುಟ್ಟಿದ್ದೇ ಚಂದ್ರಯಾನದಿಂದ ಅಂತ ಮಾರುವವರು ಹೇಳುವ ಕತೆಗೆ ಮಾತ್ರ ಜಾಸ್ತಿ ದುಡ್ಡು ಕೊಡಬೇಡಿ. ಕತೆಯಲ್ಲಿ ನಿಜ ಇದೆ. ಅಪೊಲೊ ಯಾನಿಗಳು ಚಂದ್ರನ ನೆಲ ಕೊರೆಯಲು ಒಯ್ದ ಡ್ರಿಲ್‌ನ ಮೋಟಾರ್ ಭಾಗವನ್ನು ಇದೇ ಕಂಪನಿ ಮಾಡಿತ್ತು. ಕಡಿಮೆ ಕರೆಂಟಿನಲ್ಲಿ ಜಾಸ್ತಿ ಕೆಲಸ ಮಾಡುವ ಮೋಟಾರ್ ಹೇಗಿರಬೇಕು ಅಂತ ಆಗ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ್ದರು. ಆ ಕಲಿಕೆ ಮುಂದೆ ಮನೆಯ ಸಲಕರಣೆಗಳಿಗೂ ಬಂತು. ಆದರೆ ಅದು ಎಲ್ಲಾ ಡಸ್ಟ್‌ಬಸ್ಟರ್‌ಗೂ ಸೇರಿದ ಕತೆ. ನಿಮ್ಮ ಕೈಯಲ್ಲಿರುವ ಒಂದಕ್ಕೆ ಅದರಿಂದ ಬೆಲೆ ಏರುವುದಿಲ್ಲ.

ಕೊಳ್ಳುವಾಗ ನಾನು ಮೊದಲು ಕೇಳುವುದು ಚಾರ್ಜರ್. ಗೋಡೆಗೆ ಹೊಡೆಯುವ ಪ್ಲಾಸ್ಟಿಕ್ ಸ್ಟ್ಯಾಂಡ್, ಅದರ ಅಡಾಪ್ಟರ್, ವ್ಯಾಕ್ಯೂಮ್, ಈ ಮೂರೂ ಒಟ್ಟಿಗೆ ಇರಬೇಕು. ಬರೀ ವ್ಯಾಕ್ಯೂಮ್ ಬೇಕಾದಷ್ಟು ಸಿಗುತ್ತವೆ. ಮನೆ ಖಾಲಿ ಮಾಡುವಾಗ ಸ್ಟ್ಯಾಂಡನ್ನು ಗೋಡೆಯಲ್ಲೇ ಬಿಟ್ಟು ಹೋಗುತ್ತಾರೆ, ಅದಕ್ಕೇ ಸೆಟ್ ಅಪರೂಪ. ಆಮೇಲೆ ಮುಂದಿನ ಬಟ್ಟಲು ಬಿಚ್ಚಿ, ಒಳಗಿನ ಬಟ್ಟೆ ಫಿಲ್ಟರ್ ಇದೆಯಾ ನೋಡಿ. ಗುಂಡಿ ಒತ್ತಿದಾಗ ಬಟ್ಟಲು ಬಿಡಬೇಕು, ಮತ್ತೆ ಸಿಕ್ಕಿಸಿದಾಗ ಗಟ್ಟಿಯಾಗಿ ಕಚ್ಚಿಕೊಳ್ಳಬೇಕು. ಆ ಕೊಕ್ಕೆ ಮುರಿದಿದ್ದರೆ ಬಿಟ್ಟುಬಿಡಿ.

ಈಗ ನನಗೆ ತುಂಬಾ ಮುಖ್ಯ ಅನಿಸುವ ಮಾತು. ಎಷ್ಟೋ ಸಂಗ್ರಾಹಕರು ಸೀಲ್ ಒಡೆಯದ ಡಬ್ಬಕ್ಕೆ ಹಾತೊರೆಯುತ್ತಾರೆ, ಕೊಂಡ ಮೇಲೂ ಒಡೆಯುವುದಿಲ್ಲ. ಅದು ತಪ್ಪು ಅಂತ ನನ್ನ ಖಚಿತ ಅಭಿಪ್ರಾಯ. ಒಳಗಿರುವುದು ನಿಕಲ್ ಕ್ಯಾಡ್ಮಿಯಂ ಸೆಲ್, ಅಂದರೆ ಚಾರ್ಜ್ ಮಾಡುವ ಹಳೇ ಬಗೆಯ ಬ್ಯಾಟರಿ. ನಲವತ್ತು ವರ್ಷ ಸುಮ್ನೆ ಇಟ್ಟರೂ ಅದು ಸಾಯುತ್ತದೆ, ಸೋರುತ್ತದೆ. ಸೋರಿದ ಕ್ಷಾರ ತಂತಿಯನ್ನೂ ಚಾರ್ಜಿಂಗ್ ಪಿನ್ನುಗಳನ್ನೂ ತಿನ್ನುತ್ತದೆ. ಹೊರಗೆ ಹೊಚ್ಚ ಹೊಸ ಡಬ್ಬ, ಒಳಗೆ ಹಾಳಾದ ಯಂತ್ರ. ಡಬ್ಬವನ್ನು ನಿಧಾನಕ್ಕೆ ಬಿಚ್ಚಿ, ಸೆಲ್ ತೆಗೆಯಿರಿ, ಡಬ್ಬ ಜೋಪಾನ ಮಾಡಿ. ವಸ್ತು ಉಳಿಯುವುದು ಹಾಗೆ.

ಸೆಲ್ ತೆಗೆಯುವಾಗ ಕೈಗವಸು, ಕನ್ನಡಕ ಬೇಕೇ ಬೇಕು. ಕ್ಯಾಡ್ಮಿಯಂ ವಿಷ. ಸ್ಕ್ರೂ ಬಿಚ್ಚಿದ ತಕ್ಷಣ ಒಂದು ಫೋಟೋ ತೆಗೆದುಕೊಳ್ಳಿ. ಯಾವ ತಂತಿ ಪ್ಲಸ್, ಯಾವುದು ಮೈನಸ್ ಅಂತ ಗುರುತು ಹಾಕಿದ ಮೇಲೇ ಕತ್ತರಿಸಿ. ಪಿನ್ ಮೇಲೆ ಬಿಳಿ ಪುಡಿ ಕಂಡರೆ ವಿನೆಗರ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಇನ್ನೊಮ್ಮೆ ಒರೆಸಿ ಒಣಗಲು ಬಿಡಿ. ಹಳೇ ಸೆಲ್ ಕಸಕ್ಕೆ ಹಾಕಬೇಡಿ. ಇಲ್ಲಿ ದೊಡ್ಡ ಹಾರ್ಡ್‌ವೇರ್ ಅಂಗಡಿಗಳ ಬಾಗಿಲ ಬಳಿಯೇ ಬ್ಯಾಟರಿ ಹಾಕುವ ಪೆಟ್ಟಿಗೆ ಇರುತ್ತದೆ.

ಹೊಸ ಸೆಲ್ ಯಾವುದು ಹಾಕಬೇಕು? ಹಳೆಯದನ್ನು ಅಳೆದು ನೋಡಿ. ದಪ್ಪ ಸುಮಾರು 23 ಮಿಲಿಮೀಟರ್, ಉದ್ದ 43 ಇದ್ದರೆ ಅದು 'ಸಬ್ ಸಿ' ಅನ್ನುವ ಅಳತೆಯ ಸೆಲ್. ಒಂದೊಂದು ಸೆಲ್ 1.2 ವೋಲ್ಟ್. ಒಳಗೆ ಎಷ್ಟಿದ್ದವೋ ಅಷ್ಟೇ ಹಾಕಿ, ಶಕ್ತಿ ಬರಲಿ ಅಂತ ಒಂದು ಸೇರಿಸಬೇಡಿ. ತಂತಿ ಬೆಸೆಯಲು ಲೋಹದ ಪಟ್ಟಿ ಅಂಟಿಸಿಯೇ ಬರುವ ಸೆಲ್ ಕೊಳ್ಳಿ. ಸೆಲ್ ಮೈಗೇ ಸಾಲ್ಡರ್ ಮಾಡಿದರೆ ಬಿಸಿಗೆ ಒಳಗಿನ ಸೀಲ್ ಹಾಳಾಗುತ್ತದೆ.

ಲಿಥಿಯಂ ಹಾಕಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಈ ಹಳೇ ಚಾರ್ಜರ್ ಜೊತೆ ಖಂಡಿತ ಬೇಡ. ಅದಕ್ಕೆ ಸೆಲ್ ತುಂಬಿತೋ ಇಲ್ಲವೋ ತಿಳಿಯುವುದೇ ಇಲ್ಲ. ತೊಟ್ಟಿಕ್ಕುವ ನಲ್ಲಿಯಂತೆ ಹಗಲೂ ರಾತ್ರಿ ಸ್ವಲ್ಪ ಸ್ವಲ್ಪ ಕರೆಂಟ್ ಕೊಡುತ್ತಲೇ ಇರುತ್ತದೆ. ನಿಕಲ್ ಕ್ಯಾಡ್ಮಿಯಂ ಅದನ್ನು ತಡೆದುಕೊಳ್ಳುತ್ತದೆ. ಲಿಥಿಯಂ ಆದರೆ ಬೆಂಕಿ ಹತ್ತಬಹುದು. ನಿಕಲ್ ಕ್ಯಾಡ್ಮಿಯಂನಲ್ಲೇ ಹಳೆಯದಕ್ಕೆ ಹತ್ತಿರದ ಅಳತೆ, ಸಾಮರ್ಥ್ಯ ಆರಿಸಿ. ಜಾಸ್ತಿ ಸಾಮರ್ಥ್ಯದ್ದಾದರೆ ತುಂಬಲು ಅಷ್ಟೇ ಜಾಸ್ತಿ ಹೊತ್ತು ಬೇಕು. ಮೊದಲ ಸಲ ರಾತ್ರಿಯಿಡೀ ಚಾರ್ಜಿಗೆ ಬಿಡಿ.

ಪ್ಲಾಸ್ಟಿಕ್ಕಿಗೆ ಪಾತ್ರೆ ಸೋಪು, ಬೆಚ್ಚನೆ ನೀರು ಸಾಕು. ಅಸಿಟೋನ್, ಥಿನ್ನರ್ ತಾಗಿದರೆ ಮೈ ಕರಗುತ್ತದೆ. ಬಿಸಿಲಿಗೆ ಹಳದಿಯಾದ ಮೈಯನ್ನು ಪೆರಾಕ್ಸೈಡ್ ಹಚ್ಚಿ ಬೆಳ್ಳಗೆ ಮಾಡುವವರಿದ್ದಾರೆ. ನನಗೆ ಅದು ಇಷ್ಟವಿಲ್ಲ. ಬಣ್ಣ ತೇಪೆ ತೇಪೆಯಾಗುವ ಅಪಾಯ ಇದೆ, ಹಳದಿ ಮತ್ತೆ ಬರಲೂಬಹುದು.

ಇನ್ನು ಊರಿಗೆ ಒಯ್ಯುವವರಿಗೆ ಒಂದು ಮಾತು. ಮೈಸೂರಿನಲ್ಲಿರುವ ನಮ್ಮಕ್ಕ ತನಗೂ ಒಂದು ಬೇಕು ಅಂದಿದ್ದಳು. ಇಲ್ಲಿನ ಅಡಾಪ್ಟರ್ 120 ವೋಲ್ಟಿನದು, ನಮ್ಮಲ್ಲಿ ಬರುವುದು 230. ಪಿನ್ ಬದಲಿಸುವ ಪ್ಲಗ್ ವೋಲ್ಟೇಜ್ ಇಳಿಸುವುದಿಲ್ಲ, ನೇರ ಹಾಕಿದರೆ ಸುಟ್ಟೇ ಹೋಗುತ್ತದೆ. ಅವಳಿಗೆ ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕೊಡಿಸಿದೆ. ಅದರ ಜೊತೆಗೂ ಯಾವಾಗಲೂ ಗೋಡೆಯಲ್ಲೇ ಬಿಡಬೇಡ, ರಾತ್ರಿ ಹಾಕಿ ಬೆಳಿಗ್ಗೆ ತೆಗೆ ಅಂತ ಹೇಳಿದ್ದೇನೆ. ಈ ಅಡಾಪ್ಟರ್ ಇಲ್ಲಿನ 60 ಹರ್ಟ್ಸ್ ಕರೆಂಟಿಗೆ ಮಾಡಿದ್ದು, ನಮ್ಮ 50 ಹರ್ಟ್ಸ್‌ನಲ್ಲಿ ಸ್ವಲ್ಪ ಜಾಸ್ತಿ ಬಿಸಿಯಾಗುತ್ತದೆ.