ಗೆಳೆಯರ ಜೊತೆ ದರಿಯಾ ದೌಲತ್ ನೋಡುವುದು ಹೇಗೆ?

ಮೊದಲ ಸಲ ಶ್ರೀರಂಗಪಟ್ಟಣಕ್ಕೆ ಹೋದಾಗ ನಾವು ಒಂಬತ್ತು ಜನ. ಪಟ್ಟಿಯಲ್ಲಿ ರಂಗನಾಥಸ್ವಾಮಿ ದೇವಸ್ಥಾನ, ದರಿಯಾ ದೌಲತ್, ಗುಂಬಜ್, ಸಂಗಮ, ಸಂಜೆಗೆ ಕೆಆರ್‌ಎಸ್. ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ಗೆ ಸಿಕ್ಕಿದ್ದು ಇಪ್ಪತ್ತೇ ನಿಮಿಷ. ಅದರಲ್ಲೂ ಹತ್ತು ನಿಮಿಷ ಟಿಕೆಟ್ ದುಡ್ಡು ಯಾರು ಕೊಟ್ಟರು ಅನ್ನುವ ಲೆಕ್ಕಕ್ಕೇ ಹೋಯಿತು. ಮನೆಗೆ ಬಂದಾಗ ಅಮ್ಮ, "ಗೋಡೆ ಮೇಲೆ ಏನೋ ಚಿತ್ರ ಇದೆಯಂತಲ್ಲ, ಏನದು?" ಅಂದರು. "ಕುದುರೆ ಜಾಸ್ತಿ ಇದ್ದವು" ಅಂದೆ. ನೆನಪಿದ್ದದ್ದು ಅಷ್ಟೇ.

ಆಮೇಲೆ ಮೂರು ಸಲ ಹೋಗಿ ಬಂದಿದ್ದೇನೆ. ಈಗ ಯಾರಾದರೂ ಕೇಳಿದರೆ ಹೀಗೆ ಹೇಳುತ್ತೇನೆ.

1. ಮೊದಲು ಪಟ್ಟಿ ಕತ್ತರಿಸಿ

ಒಂದು ದಿನಕ್ಕೆ ಮೂರು ಜಾಗ ಸಾಕು: ದರಿಯಾ ದೌಲತ್, ಗುಂಬಜ್, ಕೋಟೆಯೊಳಗಿನ ಬೈಲಿ ಬಂದೀಖಾನೆ. ಈ ಮೂರೇ ಯಾಕೆ ಅನ್ನೋದನ್ನು ಮುಂದೆ ಹೇಳುತ್ತೇನೆ. ಗುಂಪು ಐದಾರು ಜನ ಮೀರದಿರಲಿ. ಜಾಸ್ತಿ ಆದರೆ ಹಿಂದೆ ಉಳಿದವರನ್ನು ಹುಡುಕುವುದೇ ಕೆಲಸ.

2. ರೈಲು ಹಿಡಿಯಿರಿ

ಬೆಂಗಳೂರು–ಮೈಸೂರು ಮಾರ್ಗದಲ್ಲೇ ಶ್ರೀರಂಗಪಟ್ಟಣ ಸ್ಟೇಷನ್ ಇದೆ. ನಿಮ್ಮ ರೈಲು ಅಲ್ಲಿ ನಿಲ್ಲುತ್ತದಾ ಅಂತ ಮಾತ್ರ ನೋಡಿಕೊಳ್ಳಿ. ಬಸ್ಸಾದರೆ ಹತ್ತುವ ಮುಂಚೆ ಕಂಡಕ್ಟರ್‌ನ ಕೇಳಿ. ಬೈಪಾಸ್‌ನಲ್ಲಿ ಹೋಗುವ ಬಸ್ಸು ಊರೊಳಗೆ ಬರಲ್ಲ. ಸ್ಟೇಷನ್‌ನಿಂದ ಆಟೋ ಮಾಡಿಕೊಳ್ಳಿ. ವಾರದ ರಜೆ, ಸಮಯ ಹಿಂದಿನ ದಿನವೇ ನೋಡಿಟ್ಟುಕೊಳ್ಳಿ. ಟಿಕೆಟ್ ಒಬ್ಬರೇ ತೆಗೆಯಲಿ, ಲೆಕ್ಕ ರಾತ್ರಿಗೆ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಒಂದು ಸಣ್ಣ ಬೈನಾಕ್ಯುಲರ್ ಇದ್ದರೆ ಮರೆಯದೆ ತನ್ನಿ.

3. ತೋಟದಲ್ಲಿ ಅವಸರ ಬೇಡ

ಗೇಟು ದಾಟಿದರೆ ನೇರ ದಾರಿ, ಎರಡೂ ಕಡೆ ಹುಲ್ಲುಹಾಸು, ಮರಗಳು. ಎದುರಿಗೆ ಕಾಣುವುದು ತಗ್ಗಾದ ಒಂದು ಕಟ್ಟಡ. ಮೈಸೂರು ಅರಮನೆ ನೆನೆಸಿಕೊಂಡು ಬಂದವರು "ಇಷ್ಟೇನಾ?" ಅಂತಾರೆ. ಅನ್ನಲಿ ಬಿಡಿ. ಇದು ದರ್ಬಾರಿನ ಅಬ್ಬರಕ್ಕೆ ಕಟ್ಟಿದ್ದಲ್ಲ. 1784ರಲ್ಲಿ ಟಿಪ್ಪು ಸುಲ್ತಾನ್ ಬೇಸಿಗೆಯಲ್ಲಿ ತಂಪಾಗಿರಲು ಕಾವೇರಿ ದಂಡೆಯ ತೋಟದ ನಡುವೆ ಕಟ್ಟಿಸಿದ ಮನೆ. ಎತ್ತರದ ಜಗಲಿ, ಸುತ್ತ ಮರದ ಕಂಬಗಳ ಪಡಸಾಲೆ, ಬಹುಪಾಲು ತೇಗದ ಕೆಲಸ. ದರಿಯಾ ಅಂದರೆ ಸಮುದ್ರ, ದೌಲತ್ ಅಂದರೆ ಸಂಪತ್ತು.

ಒಂದು ಸುತ್ತು ಹೊರಗಿನಿಂದಲೇ ಹಾಕಿ. ಫೋಟೋ, ಹರಟೆ ಎಲ್ಲ ಇಲ್ಲೇ ಮುಗಿಸಿ.

4. ಪಶ್ಚಿಮದ ಗೋಡೆಗೆ ಅರ್ಧ ಗಂಟೆ ಕೊಡಿ

ಬಣ್ಣ ಬಿಸಿಲಿಗೆ ಮಾಸಬಾರದು ಅಂತ ಪಡಸಾಲೆಗೆ ಹಸಿರು ಪರದೆ ಇಳಿಬಿಟ್ಟಿರುತ್ತಾರೆ. ಹೊರಗಿನ ಬೆಳಕಿನಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣಲ್ಲ. ಎರಡು ನಿಮಿಷ ಸುಮ್ನೆ ನಿಲ್ಲಿ. ಆಮೇಲೆ ಗೋಡೆ ತುಂಬ ಜನ ಕಾಣಿಸತೊಡಗುತ್ತಾರೆ.

ಇದು ಪೊಲ್ಲಿಲೂರು ಕಾಳಗ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಹೈದರ್ ಮತ್ತು ಟಿಪ್ಪುವಿನ ಸೈನ್ಯ ಕರ್ನಲ್ ವಿಲಿಯಂ ಬೈಲಿಯ ಇಂಗ್ಲಿಷ್ ಪಡೆಯನ್ನು ಸೋಲಿಸಿತು. ಒಟ್ಟಿಗೆ ನೋಡಿದರೆ ಬರೀ ಗದ್ದಲ. ಹಾಗಾಗಿ ನಾವು ಒಂದು ಆಟ ಮಾಡಿಕೊಂಡಿದ್ದೇವೆ. ಒಬ್ಬೊಬ್ಬರಿಗೆ ಒಂದೊಂದು ಹುಡುಕುವ ಕೆಲಸ. ಕೆಂಪು ಕೋಟಿನ ಸಿಪಾಯಿಗಳು ಚೌಕಾಕಾರವಾಗಿ ನಿಂತಿರುವುದು ಎಲ್ಲಿ? ಮದ್ದಿನ ಗಾಡಿ ಸಿಡಿದದ್ದು ಎಲ್ಲಿ? ದುರ್ಬೀನು ಹಿಡಿದಿರುವ ಫ್ರೆಂಚ್ ಅಧಿಕಾರಿ ಲಾಲಿ ಯಾರು? ಪಲ್ಲಕ್ಕಿಯಲ್ಲಿ ಕೂತವನು ಯಾರು?

ಆ ಪಲ್ಲಕ್ಕಿಯವನೇ ಬೈಲಿ. ಸುತ್ತ ಭರ್ಜಿ ಹಿಡಿದ ಸವಾರರು ಮುಗಿಬೀಳುತ್ತಿದ್ದಾರೆ. ಅವನು ಮಾತ್ರ ನಡುವೆ, ಚೌಕದೊಳಗೆ ಸಿಕ್ಕಿಬಿದ್ದಿದ್ದಾನೆ. ಅವನ ಮುಖ ಚೆನ್ನಾಗಿ ನೆನಪಿಟ್ಟುಕೊಳ್ಳಿ. ಈ ದಿನ ಅವನು ಮತ್ತೆರಡು ಸಲ ಸಿಗುತ್ತಾನೆ.

ಗೋಡೆ ಮುಟ್ಟಬೇಡಿ, ಒರಗಬೇಡಿ, ಫ್ಲ್ಯಾಶ್ ಅಂತೂ ಬೇಡವೇ ಬೇಡ.

5. ಪೂರ್ವದ ಗೋಡೆಯ ಒಗಟು

ಇಲ್ಲಿ ಯುದ್ಧ ಇಲ್ಲ. ರಾಜರು, ಪಾಳೇಗಾರರು ದರ್ಬಾರು ಮಾಡುತ್ತಿರುವ ಚಿತ್ರಗಳು. ಚಿತ್ರದುರ್ಗದ ಮದಕರಿ ನಾಯಕ, ಮಾಗಡಿ ಕೆಂಪೇಗೌಡರು, ತಂಜಾವೂರಿನ ರಾಜ. ಜೊತೆಗೆ ಮುಮ್ಮಡಿ ಕೃಷ್ಣರಾಜ ಒಡೆಯರ್. ಗೆಳೆಯರನ್ನು ಕೇಳಿ ನೋಡಿ: ಒಡೆಯರ್ ಹುಟ್ಟಿದ್ದು 1794ರಲ್ಲಿ, ಅರಮನೆ 1784ರದ್ದು. ಅವರು ಈ ಗೋಡೆಗೆ ಹೇಗೆ ಬಂದರು?

ಉತ್ತರ ಏನೆಂದರೆ, ನಾವು ನೋಡುವ ಬಣ್ಣವೆಲ್ಲ ಟಿಪ್ಪು ಕಾಲದ್ದಲ್ಲ. 1799ರಲ್ಲಿ ಟಿಪ್ಪು ಸತ್ತ ಮೇಲೆ ಇಂಗ್ಲಿಷ್ ಸೇನೆಯ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಇದೇ ಮನೆಯಲ್ಲಿ ವಾಸ ಮಾಡಿದ, ಹಾಳಾಗಿದ್ದ ಚಿತ್ರಗಳನ್ನು ಸರಿ ಮಾಡಿಸಿದ. ಮುಂದೆ ಗವರ್ನರ್ ಜನರಲ್ ಡಾಲ್‌ಹೌಸಿ ಮತ್ತೊಮ್ಮೆ ಬರೆಸಿದ. ತಮ್ಮವರು ಸೋತ ಕಾಳಗಕ್ಕೆ ಇಂಗ್ಲಿಷರೇ ಎರಡೆರಡು ಸಲ ಬಣ್ಣ ಹಚ್ಚಿಸಿದ್ದಾರೆ, ತಮಾಷೆ ಅಲ್ವಾ?

6. ಒಳಗಿನ ಮ್ಯೂಸಿಯಂ

1959ರಿಂದ ಇಲ್ಲಿ ಟಿಪ್ಪು ವಸ್ತುಸಂಗ್ರಹಾಲಯ ಇದೆ. ನಾಣ್ಯ, ಆಯುಧ, ಹಳೆಯ ಚಿತ್ರಗಳು. ನನಗೆ ಹಿಡಿಸಿದ್ದು ಟಿಪ್ಪು ಮಕ್ಕಳನ್ನು ನೋಡಿ ಬರೆದ ಪೆನ್ಸಿಲ್ ಚಿತ್ರಗಳು. ಕಾಲು ಗಂಟೆ ಸಾಕು. ಗೋಡೆ ನೋಡಿ ಬಂದ ಮೇಲೆ ಗಾಜಿನ ಪೆಟ್ಟಿಗೆ ಮುಂದೆ ಮನಸ್ಸು ನಿಲ್ಲಲ್ಲ.

ಹೊರಗೆ ಬಂದು ಕಬ್ಬಿನ ಹಾಲೋ ಎಳನೀರೋ ಕುಡಿಯಿರಿ. ಬುತ್ತಿ ತಂದಿದ್ದರೆ ಹುಲ್ಲುಹಾಸಿನ ಮೇಲೆ ಬಿಚ್ಚಬೇಡಿ, ಕಾವಲಿನವರು ಬಂದು ಎಬ್ಬಿಸುತ್ತಾರೆ. ನಮ್ಮ ಚಿತ್ರಾನ್ನಕ್ಕೆ ಆದ ಗತಿ ಅದೇ. ಸಂಗಮದ ಕಡೆ ನೆರಳು ನೋಡಿಕೊಂಡು ಊಟ ಮುಗಿಸಿ.

7. ಬೈಲಿಯ ಹಿಂದೆ ಹೋಗಿ

ಗುಂಬಜ್‌ನಲ್ಲಿ ಹೈದರ್, ಅವನ ಹೆಂಡತಿ ಫಕ್ರುನ್ನಿಸಾ, ಟಿಪ್ಪು ಮೂವರ ಸಮಾಧಿ ಇದೆ. ಚಪ್ಪಲಿ ಹೊರಗೆ ಬಿಡಬೇಕು. ದಂತದ ಕುಸುರಿಯ ಕರಿಮರದ ಬಾಗಿಲುಗಳನ್ನು ಕೊಟ್ಟವನು ಅದೇ ಡಾಲ್‌ಹೌಸಿ. ಅಲ್ಲೇ ಹತ್ತಿರದಲ್ಲಿ ಒಂದು ಸ್ಮಾರಕ ಇದೆ, ಹೆಚ್ಚಿನವರು ತಿರುಗಿಯೂ ನೋಡಲ್ಲ. ಪಲ್ಲಕ್ಕಿಯ ಬೈಲಿಗೆ ಅವನ ಅಣ್ಣನೋ ತಮ್ಮನೋ ಮಗ 1816ರಲ್ಲಿ ಕಟ್ಟಿಸಿದ್ದು. ಸೆರೆ ಸಿಕ್ಕ ಬೈಲಿ ಎರಡು ವರ್ಷ ಇದೇ ಊರಿನಲ್ಲಿದ್ದು 1782ರ ನವೆಂಬರ್‌ನಲ್ಲಿ ತೀರಿಕೊಂಡ.

ಸ್ಟೇಷನ್‌ಗೆ ವಾಪಸ್ ಹೋಗುವಾಗ ಆಟೋವನ್ನು ಕೋಟೆಯೊಳಗೆ, ಅವನ ಹೆಸರಿನ ಬಂದೀಖಾನೆಗೆ ತಿರುಗಿಸಿ. ಅವನನ್ನು ಇಟ್ಟಿದ್ದು ಇಲ್ಲೇ ಅಂತ ಹೇಳುತ್ತಾರೆ. ಕಮಾನು ಚಾವಣಿ, ಸುಣ್ಣ ಬಳಿದ ಗೋಡೆ. ಗೋಡೆಯಿಂದ ಹೊರಚಾಚಿದ ಕಲ್ಲುಗಳಲ್ಲಿ ತೂತುಗಳಿವೆ, ಕೈದಿಗಳ ಸರಪಳಿ ಕಟ್ಟಲು. ಮುತ್ತಿಗೆಯಲ್ಲಿ ಚಾವಣಿ ಒಡೆದು ಬಿದ್ದ ಫಿರಂಗಿ ಇನ್ನೂ ನೆಲದ ಮೇಲೇ ಇದೆ.

ಕಳೆದ ಸಲ ನಮ್ಮಲ್ಲಿ ಒಬ್ಬ ತಮಾಷೆಗೆ ಗೋಡೆಗೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ ಆ ತೂತುಗಳ ಪಕ್ಕ ಇಟ್ಟು ನಿಂತ. ನಾವು ಫೋಟೋಗೆ ಫೋನ್ ತೆಗೆದೆವು. ಕ್ಲಿಕ್ಕಿಸುವ ಮುಂಚೆಯೇ ಅವನು ಕೈ ಇಳಿಸಿ, "ಸಾಕು, ನಡೀರೋ" ಅಂದ.