ದಲಾಲಿ ಅಂಗಡಿಯ ಕ್ಯಾಮೆರಾ, ಲಿನಕ್ಸ್ ಕಂಪ್ಯೂಟರಿನಲ್ಲಿ

ಬ್ಯಾಡಗಿಯಲ್ಲಿ ನಮ್ಮದು ಮೆಣಸಿನಕಾಯಿ ದಲಾಲಿ ಅಂಗಡಿ. ಲೆಕ್ಕದ ಕಂಪ್ಯೂಟರಿನಲ್ಲಿರುವುದು ಲಿನಕ್ಸ್ ಮಿಂಟ್, ಅಂದರೆ ವಿಂಡೋಸ್ ಬದಲು ಬಳಸುವ ಉಚಿತ ವ್ಯವಸ್ಥೆ. ಕ್ಯಾಮೆರಾ ಹಾಕಲು ಬಂದವರು, "ವಿಂಡೋಸ್ ಇಲ್ಲದೆ ಇದು ನಡೆಯಲ್ಲ ಸರ್" ಎಂದರು. ಕ್ಯಾಮೆರಾಗಳ ವಿಡಿಯೊ ದಾಖಲಿಸುವ ಪೆಟ್ಟಿಗೆಯಾದ ಡಿವಿಆರ್‌ನ ಪುಟವನ್ನು ಬ್ರೌಸರಿನಲ್ಲಿ ತೆರೆದರೆ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನ ಪ್ಲಗಿನ್ ಕೇಳುತ್ತಿತ್ತು. ಆ ಬ್ರೌಸರಿಗೆ ಮೈಕ್ರೋಸಾಫ್ಟ್ 2022ರಲ್ಲೇ ತೆರೆ ಎಳೆದಿದೆ.

ನನಗೆ ಬೇಕಿದ್ದದ್ದು ವಿಡಿಯೊ, ಆ ಪುಟವಲ್ಲ. ಹೆಚ್ಚಿನ ಡಿವಿಆರ್‌ಗಳು ಆರ್‌ಟಿಎಸ್‌ಪಿ (ನೆಟ್‌ವರ್ಕಿನಲ್ಲಿ ನೇರ ವಿಡಿಯೊ ಕಳಿಸುವ ವಿಧಾನ) ಮೂಲಕವೂ ವಿಡಿಯೊ ಕೊಡುತ್ತವೆ, ಸಾಮಾನ್ಯವಾಗಿ 554ನೇ ಪೋರ್ಟಿನಲ್ಲಿ. ಹಿಕ್‌ವಿಷನ್ ಕಂಪನಿಯ ಮಾದರಿಯಲ್ಲಿ ವಿಳಾಸದ ಕೊನೆಗೆ 101 ಹಾಕಿದರೆ ಒಂದನೇ ಕ್ಯಾಮೆರಾದ ದೊಡ್ಡ ಚಿತ್ರ, 102 ಹಾಕಿದರೆ ಸಣ್ಣದು. ವಿಡಿಯೊ ನೋಡುವ ತಂತ್ರಾಂಶ ವಿಎಲ್‌ಸಿಯಲ್ಲಿ 'ಓಪನ್ ನೆಟ್‌ವರ್ಕ್ ಸ್ಟ್ರೀಮ್'ಗೆ ಹೋಗಿ ವಿಳಾಸ ಕೊಟ್ಟೆ, ಗೋದಾಮಿನ ಬಾಗಿಲು ಕಂಡಿತು. ಆ ವಿಳಾಸದೊಳಗೆ ಬರೆಯುವ ಪಾಸ್‌ವರ್ಡಿನಲ್ಲಿ @ ಇದ್ದರೆ ಅಲ್ಲಿ %40 ಎಂದು ಬರೆಯಬೇಕು.

ರೆಕಾರ್ಡಿಂಗಿಗೆ ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶ ಸಾಕು. ಅದಕ್ಕೆ 'ಕಾಪಿ' ಎಂದು ಹೇಳಿದರೆ ಬಂದ ವಿಡಿಯೊವನ್ನು ಹಾಗೇ ಡಿಸ್ಕಿಗೆ ಇಳಿಸುತ್ತದೆ, ಹಳೇ ಕಂಪ್ಯೂಟರಿಗೂ ಭಾರ ಆಗುವುದಿಲ್ಲ. ಚಿತ್ರ ಬೂದುಬಣ್ಣಕ್ಕೆ ತಿರುಗಿ ಒಡೆಯುತ್ತಿದ್ದರೆ ಯುಡಿಪಿ ಬಿಟ್ಟು, ಕಳೆದುಹೋದ ತುಣುಕನ್ನು ಮತ್ತೆ ಕಳಿಸುವ ಟಿಸಿಪಿ ಕೊಡಿ. ಫೈಲನ್ನು 600 ಸೆಕೆಂಡಿಗೊಂದು ತುಂಡು ಮಾಡಿಸಿದ್ದೇನೆ, ಅದೂ ಎಂಕೆವಿ ಎಂಬ ಫೈಲ್ ಮಾದರಿಯಲ್ಲಿ. ನಮ್ಮಲ್ಲಿ ಕರೆಂಟು ಹೋಗುತ್ತಿರುತ್ತದೆ ಅಲ್ವಾ? ಮಾಮೂಲಿ ಎಂಪಿ4 ನಡುವೆ ನಿಂತರೆ ಆ ಫೈಲು ತೆರೆಯುವುದೇ ಇಲ್ಲ. ಎಂಕೆವಿ ನಿಂತಲ್ಲಿಯವರೆಗೆ ಓಡುತ್ತದೆ.

ಜಾಗದ ಲೆಕ್ಕ ಮೊದಲೇ ಹಾಕಿಕೊಳ್ಳಿ. ಸೆಕೆಂಡಿಗೆ 4 ಮೆಗಾಬಿಟ್ ಬರುವ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 43 ಜಿಬಿ ತಿನ್ನುತ್ತದೆ. ಅದಕ್ಕೇ ತೂಕದ ಕಾಟಾ ಮೇಲಿನ ಕ್ಯಾಮೆರಾಕ್ಕೆ ಮಾತ್ರ ದೊಡ್ಡ ಚಿತ್ರ, ಉಳಿದವಕ್ಕೆ ಸಣ್ಣದು. ತೂಕದಲ್ಲಿ ತಕರಾರು ಬಂದರೆ ರೈತರಿಗೂ ನಮಗೂ ಅದೇ ಸಾಕ್ಷಿ. ಚೀಲದ ಮೇಲಿನ ಲಾಟ್ ನಂಬರು ಓದಲು ಬರಲೇಬೇಕು. 15 ದಿನ ದಾಟಿದ ಫೈಲುಗಳನ್ನು ಕ್ರಾನ್ (ಹೇಳಿದ ಹೊತ್ತಿಗೆ ತಾನೇ ಕೆಲಸ ಮಾಡಿಸುವ ಲಿನಕ್ಸ್ ಸೌಲಭ್ಯ) ಅಳಿಸುತ್ತದೆ.

ಮನೆಯಿಂದ ಮೊಬೈಲಿನಲ್ಲಿ ನೋಡಬೇಕೆಂದು ರೌಟರಿನಲ್ಲಿ ಪೋರ್ಟ್ ತೆರೆದಿಡಬೇಡಿ. ಮಿರಾಯ್ ಎಂಬ ದುಷ್ಟ ತಂತ್ರಾಂಶದ 2016ರ ದಾಳಿ ನಡೆದದ್ದು ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಬಿಟ್ಟಿದ್ದ ಇಂಥ ಕ್ಯಾಮೆರಾ, ಡಿವಿಆರ್‌ಗಳನ್ನು ಬಳಸಿಕೊಂಡು. ನಾನು ವೈರ್‌ಗಾರ್ಡ್ ಎಂಬ ವಿಪಿಎನ್ (ಗುಪ್ತ ಖಾಸಗಿ ಸಂಪರ್ಕ) ಮೂಲಕ ಮಾತ್ರ ಒಳಗೆ ಹೋಗುತ್ತೇನೆ.

ಡಿವಿಆರ್‌ನ ಗಡಿಯಾರವನ್ನೂ ಎನ್‌ಟಿಪಿಗೆ, ಅಂದರೆ ಇಂಟರ್‌ನೆಟ್ಟಿನಿಂದ ಸರಿಯಾದ ಸಮಯ ಪಡೆಯುವ ವ್ಯವಸ್ಥೆಗೆ, ಜೋಡಿಸಿ. ವಿಡಿಯೊದ ಸಮಯ ಒಂದು, ತೂಕದ ಚೀಟಿಯ ಸಮಯ ಇನ್ನೊಂದು ಇದ್ದರೆ ಆ ವಿಡಿಯೊವನ್ನು ಯಾರೂ ಒಪ್ಪುವುದಿಲ್ಲ.