ಹಳೇಬೀಡಿನಲ್ಲಿ ದೋರಸಮುದ್ರವನ್ನು ಹುಡುಕುವ ಬಗೆ

ಹಾಸನದಿಂದ ಹಳೇಬೀಡಿಗೆ ಸುಮಾರು 30 ಕಿ.ಮೀ. ಬಂದವರಲ್ಲಿ ಹೆಚ್ಚಿನವರು ಹೊಯ್ಸಳೇಶ್ವರ ದೇವಾಲಯ ನೋಡಿಕೊಂಡು ಬೇಲೂರಿನ ಬಸ್ಸು ಹತ್ತುತ್ತಾರೆ. ಆದರೆ ಇದು ದೋರಸಮುದ್ರ, ಹೊಯ್ಸಳರ ರಾಜಧಾನಿ. ಕೋಟೆ, ಕೆರೆ, ಬಸದಿಗಳಿದ್ದ ದೊಡ್ಡ ಪಟ್ಟಣ. ಅದನ್ನು ಪಟ್ಟಣವಾಗಿಯೇ ನೋಡಬೇಕೆಂದರೆ ಇಡೀ ದಿನ ಬೇಕು, ಹೊಯ್ಸಳೇಶ್ವರವನ್ನು ಕೊನೆಗೆ ಉಳಿಸಿಕೊಳ್ಳಬೇಕು.

ಕಾರಣ ಬೆಳಕು. ಶಿಲ್ಪಗಳು ಅತಿ ದಟ್ಟವಾಗಿರುವುದು ಪಶ್ಚಿಮದ ಹೊರಗೋಡೆಯಲ್ಲಿ. ಬೆಳಿಗ್ಗೆ ಅದು ನೆರಳಲ್ಲಿರುತ್ತದೆ. ನಡುಹಗಲಲ್ಲಿ ಬೆಳಕು ನೆತ್ತಿಯಿಂದ ಬಿದ್ದು ಮೂರ್ತಿಗಳ ಮುಖವೇ ಕಪ್ಪಾಗುತ್ತದೆ. ಮೂರೂವರೆಯ ಮೇಲೆ ಓರೆ ಬಿಸಿಲು ತಾಗಿದಾಗ ಬಳಪದ ಕಲ್ಲಿನಲ್ಲಿ ಒಡವೆಯ ಒಂದೊಂದು ಎಳೆಯೂ ಬಿಡಿಬಿಡಿಯಾಗಿ ಕಾಣುತ್ತದೆ.

ಹಾಗಾಗಿ ನಾನು ಬೆಳಿಗ್ಗೆ ಹುಲಿಕೆರೆಯ ಕಲ್ಯಾಣಿಯಿಂದ ಶುರು ಮಾಡುತ್ತೇನೆ. ಮೆಟ್ಟಿಲುಗಳ ಸುತ್ತ ಪುಟ್ಟ ಪುಟ್ಟ ಗುಡಿಗಳು. ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತದೆ, ಇಳಿಯಬೇಡಿ. ಆಮೇಲೆ ನಗರೇಶ್ವರದ ಉತ್ಖನನದ ಬಯಲು. ಗೋಡೆಗಳು ಉಳಿದಿಲ್ಲವಾದ್ದರಿಂದಲೇ ದೇವಾಲಯದ ತಳವಿನ್ಯಾಸ ಇಲ್ಲಿ ನೇರವಾಗಿ ಓದಲು ಸಿಗುತ್ತದೆ; ನಿಂತಿರುವ ಗುಡಿಯಲ್ಲಿ ಈ ಪಾಠ ಸಿಗುವುದಿಲ್ಲ. ಹುಲ್ಲು ಬೆಳೆದಿದ್ದರೆ ಬೂಟು ಹಾಕಿಕೊಳ್ಳಿ, ಹಾವಿರಬಹುದು.

ಬಿಸಿಲೇರುವ ಹೊತ್ತಿಗೆ ಬಸ್ತಿಹಳ್ಳಿಯ ಬಸದಿಗಳು. 1133ರ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದವನು ಬೊಪ್ಪದೇವ, ತಂದೆ, ಹೊಯ್ಸಳ ದಂಡನಾಯಕ ಗಂಗರಾಜನ ನೆನಪಿಗೆ. ಒಳಗಿನ ಕಂಬಗಳಿಗೆ ಕನ್ನಡಿಯ ಹೊಳಪು. ಫ್ಲ್ಯಾಶ್ ಹಾಕಿದರೆ ಬರೀ ಬಿಳಿ ಚುಕ್ಕೆ ಬರುತ್ತದೆ. ಫ್ಲ್ಯಾಶ್ ಆರಿಸಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಕಾದು, ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಟ್ರೈಪಾಡ್‌ಗೆ ಪುರಾತತ್ತ್ವ ಇಲಾಖೆಯ ಅನುಮತಿ ಬೇಕು. ಕ್ಯಾಮೆರಾವನ್ನು ಎದೆಗೆ ಒತ್ತಿ ಹಿಡಿದು ಉಸಿರು ಬಿಗಿಹಿಡಿದರೆ ಕೈ ಅಲುಗುವುದು ಕಡಿಮೆ. ಇಲ್ಲಿಂದ 1219ರ ಕೇದಾರೇಶ್ವರ ದೇವಾಲಯಕ್ಕೆ ನಡೆದೇ ಹೋಗಬಹುದು. ಬರಿಗಾಲಿಗೆ ಕಲ್ಲು ಸುಡುತ್ತದೆ, ದಪ್ಪ ಕಾಲುಚೀಲ ಇಟ್ಟುಕೊಂಡಿರಿ.

ಶಾಸನ ಓದಲು ಟಾರ್ಚಿನ ಬೆಳಕು ಕಲ್ಲಿನ ಮೈಗೆ ಸವರಿಕೊಂಡು ಹೋಗಬೇಕು. ಅಕ್ಷರದ ಗುಳಿಯಲ್ಲಿ ನೆರಳು ಕೂತು ಸಾಲು ಎದ್ದು ಕಾಣುತ್ತದೆ. ಸುಣ್ಣ, ಎಣ್ಣೆ, ಹಿಟ್ಟು ಬಳಿಯುವ ಅಭ್ಯಾಸ ದಯವಿಟ್ಟು ಬೇಡ. ಮೆದು ಕಲ್ಲು, ಉಜ್ಜಿದಷ್ಟೂ ಅಕ್ಷರ ಸವೆಯುತ್ತದೆ. ಹೊಯ್ಸಳೇಶ್ವರದ ದಕ್ಷಿಣಕ್ಕಿರುವ ಗರುಡಗಂಬದಲ್ಲಿ ಹೀಗೆ ಮಾಡಿ ನೋಡಿ: ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳನಿಗಾಗಿ ಪ್ರಾಣ ಕೊಟ್ಟ ಕುವರ ಲಕ್ಷ್ಮನ ಸ್ಮಾರಕ ಅದು. ತಮ್ಮ ತಲೆಯನ್ನೇ ಕಡಿದುಕೊಳ್ಳುವ ವೀರರ ಉಬ್ಬುಶಿಲ್ಪ ಕಂಬದ ಸುತ್ತ ಇದ್ದರೂ ಅಲ್ಲಿ ನಿಲ್ಲುವವರು ಕಡಿಮೆ.

ವಾಪಸು ಬಸ್ಸಿನ ಸಮಯವನ್ನು ಬೆಳಿಗ್ಗೆ ಇಳಿದಾಗಲೇ ಕೇಳಿಟ್ಟುಕೊಳ್ಳಿ. ಹಾಸನದ ನೇರ ಬಸ್ಸು ತಪ್ಪಿದರೆ 16 ಕಿ.ಮೀ. ದೂರದ ಬೇಲೂರಿಗೆ ಹೋಗಿ, ಅಲ್ಲಿಂದ ಹಾಸನಕ್ಕೆ ಬಸ್ಸು ಹಿಡಿಯಿರಿ.